ಲಾಬ್‌ಸ್ಟರ್ ಇಕ್ಕಳದಲ್ಲಿ ಏನೋ ಸರಿ ಇಲ್ಲ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಲಾಬ್‌ಸ್ಟರ್ (ಸೀಗಡಿ ಬಳಗದ, ಗಟ್ಟಿ ಚಿಪ್ಪಿನ ಸಮುದ್ರಜೀವಿ) ಸಾಕುವವರಿಗೆ ಮೊದಲ ಗಾಬರಿ ಹುಟ್ಟುವುದೇ ಅದರ ಮುಂಗಾಲಿನ ಇಕ್ಕಳ ನೋಡಿ. ಒಂದು ದಪ್ಪ, ಒಂದು ಸಣ್ಣ. ನಿನ್ನೆ ರಾತ್ರಿ ಇದ್ದದ್ದು ಬೆಳಿಗ್ಗೆ ಇಲ್ಲ. ಇಕ್ಕಳದ ಬೆರಳಿನ ಪಕ್ಕದಲ್ಲಿ ಇನ್ನೊಂದು ಬೆರಳು ಮೂಡಿದೆ. ಇವುಗಳಲ್ಲಿ ಕೆಲವು ದೋಷವೇ ಅಲ್ಲ. ಕೆಲವು ತಾನಾಗಿ ಸರಿಹೋಗುತ್ತವೆ. ಕೆಲವಕ್ಕೆ ಮಾತ್ರ ನಾವು ಕೈ ಹಾಕಬೇಕು. ಯಾವುದು ಯಾವುದು ಅಂತ ಗುರುತಿಸುವುದೇ ಈ ಬರಹದ ಉದ್ದೇಶ.

ಶುರುವಿನಲ್ಲೇ ಒಂದು ಮಾತು. ಚಿಪ್ಪು ಚರ್ಮದ ಹಾಗೆ ದಿನದಿನ ಬೆಳೆಯುವುದಿಲ್ಲ. ಲಾಬ್‌ಸ್ಟರ್ ಹಳೇ ಚಿಪ್ಪನ್ನು ಪೊರೆ ಬಿಟ್ಟ ಹಾಗೆ ಬಿಟ್ಟು, ಮೆತ್ತಗಿನ ಹೊಸ ಚಿಪ್ಪಿನಲ್ಲಿ ಹೊರಗೆ ಬರುತ್ತದೆ. ಆಕಾರ ಬದಲಾಗುವುದು ಆಗ ಮಾತ್ರ. ಹಾಗಾಗಿ ಇಕ್ಕಳದ ಆಕಾರದಲ್ಲಿ ಇವತ್ತು ಕಾಣುವ ದೋಷ ಇವತ್ತಿನದ್ದಲ್ಲ. ಹೋದ ಪೊರೆಯ ಹೊತ್ತಿಗೋ ಅದಕ್ಕೂ ಮುಂಚೆಯೋ ಆದದ್ದು. ಅದು ಸರಿಹೋಗುವುದೂ ಮುಂದಿನ ಪೊರೆಯಲ್ಲೇ. "ಇದು ಕೊನೆಯ ಸಲ ಪೊರೆ ಬಿಟ್ಟಿದ್ದು ಯಾವಾಗ?" ಅನ್ನುವ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ.

ಕೈ ಹಾಕುವ ಮೊದಲು

ನೀರಿಗೆ ಕೈ ಇಳಿಸುವ ಮುಂಚೆ ಪಂಪು, ಹೀಟರ್, ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಎಲ್ಲದರ ಪ್ಲಗ್ ಕೀಳಿ. ಉಪ್ಪುನೀರು, ಕರೆಂಟು, ಒದ್ದೆ ಕೈ ಮೂರೂ ಸೇರಬಾರದು.

ಲಾಬ್‌ಸ್ಟರನ್ನು ಹಿಂದಿನಿಂದ ಹಿಡಿಯಿರಿ. ಇಕ್ಕಳಗಳ ಬುಡಕ್ಕೂ ಹಿಂದೆ, ಬೆನ್ನಿನ ಗಟ್ಟಿ ಚಿಪ್ಪಿನ ಎರಡೂ ಪಕ್ಕದಲ್ಲಿ ಬೆರಳು ಇಡಿ. ಇಕ್ಕಳ ಹಿಡಿದು ಎತ್ತಲೇಬೇಡಿ. ಅದು ನಿಮ್ಮ ಕೈಯಲ್ಲಿ ಇಕ್ಕಳ ಬಿಟ್ಟು ತಾನು ಕೆಳಗೆ ಬೀಳುತ್ತದೆ. ದಪ್ಪ ಕೈಗವಸು ಹಾಕಿಕೊಳ್ಳಿ. ಹೊಸದಾಗಿ ಪೊರೆ ಬಿಟ್ಟಿದ್ದರೆ ಮುಟ್ಟುವುದೇ ಬೇಡ, ಎಷ್ಟೇ ಕುತೂಹಲ ಇದ್ದರೂ.

ಮೊದಲು ಇಕ್ಕಳದ ಪರಿಚಯ

ಲಾಬ್‌ಸ್ಟರಿಗೆ ಐದು ಜೊತೆ ಕಾಲು. ಮೊದಲ ಜೊತೆಯೇ ದೊಡ್ಡ ಇಕ್ಕಳ. ಎರಡನೇ, ಮೂರನೇ ಜೊತೆಯ ತುದಿಯಲ್ಲೂ ಚಿಕ್ಕ ಇಕ್ಕಳ ಇರುತ್ತದೆ. ಕೊನೆಯ ಎರಡು ಜೊತೆಗೆ ಮೊನೆ ಮಾತ್ರ.

ಒಂದೊಂದು ಕಾಲೂ ಏಳು ತುಂಡುಗಳ ಸರಪಳಿ. ಕೊನೆಯ ಎರಡು ತುಂಡು ಸೇರಿ ಇಕ್ಕಳ ಆಗುತ್ತದೆ. ಆರನೇ ತುಂಡು ಉಬ್ಬಿ ಅಂಗೈ ಆಗಿದೆ. ಅದರ ತುದಿ ಮುಂದಕ್ಕೆ ಚಾಚಿ ಅಲುಗಾಡದ ಬೆರಳಾಗಿದೆ. ಏಳನೇ ತುಂಡು ಕೀಲಿನ ಮೇಲೆ ಆಡುವ ಬೆರಳು. ಅಂಗೈ ಒಳಗೆ ಇರುವುದು ಎರಡೇ ಸ್ನಾಯು. ಒಂದು ಮುಚ್ಚುವುದಕ್ಕೆ, ಇನ್ನೊಂದು ತೆರೆಯುವುದಕ್ಕೆ. ಮುಚ್ಚುವ ಸ್ನಾಯು ಬಲು ದೊಡ್ಡದು, ತೆರೆಯುವುದು ಸಣ್ಣದು. ಇಕ್ಕಳಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಸಾಕಾಗುವುದು ಅದಕ್ಕೇ. ಕಡಿಯುವ ಶಕ್ತಿ ಎಷ್ಟಿದ್ದರೂ ತೆರೆಯುವ ಶಕ್ತಿ ಕಡಿಮೆ.

ಬುಡದಿಂದ ಎಣಿಸಿದರೆ ಎರಡನೇ ಮತ್ತು ಮೂರನೇ ತುಂಡು ಇಕ್ಕಳದ ಕಾಲಿನಲ್ಲಿ ಬೆಸೆದುಕೊಂಡಿವೆ. ಹತ್ತಿರದಿಂದ ನೋಡಿದರೆ ಆ ಜಾಗದಲ್ಲಿ ಸುತ್ತಲೂ ತೆಳುವಾದ ಗೆರೆ ಕಾಣುತ್ತದೆ. ಇಡೀ ಇಕ್ಕಳ ಕಳಚಿ ಬೀಳುವುದು ಆ ಗೆರೆಯಲ್ಲಿ. ಮುಂದೆ ಇದರ ಮಾತು ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಲಕ್ಷಣ: ದೊಡ್ಡ ಇಕ್ಕಳವೇ ಇಲ್ಲ

ಖರ್ಚಿಲ್ಲದ ತಪಾಸಣೆ ಇದು: ನಿಮ್ಮದು ಯಾವ ಜಾತಿ ಅಂತ ನೋಡಿ. ಉದ್ದನೆಯ, ದಪ್ಪನೆಯ, ಮುಳ್ಳು ಮುಳ್ಳಾದ ಎರಡು ಮೀಸೆ ಇದ್ದರೆ ಅದು ಮುಳ್ಳು ಲಾಬ್‌ಸ್ಟರ್. ಅದರ ಮುಂಗಾಲಿಗೆ ದೊಡ್ಡ ಇಕ್ಕಳ ಯಾವತ್ತೂ ಇರುವುದಿಲ್ಲ. ಮೀಸೆ ಚಪ್ಪಟೆ ಹಲಗೆಯ ಹಾಗಿದ್ದರೆ ಸ್ಲಿಪ್ಪರ್ ಲಾಬ್‌ಸ್ಟರ್, ಅದಕ್ಕೂ ಇಲ್ಲ. ಮುಳ್ಳು ಲಾಬ್‌ಸ್ಟರಿನ ಕೊನೆಯ ಕಾಲಿನ ತುದಿಯಲ್ಲಿ ಪುಟ್ಟ ಚಿಮಟದ ಹಾಗೆ ಕಂಡರೆ ಅದು ಹೆಣ್ಣು. ಮೊಟ್ಟೆ ನೋಡಿಕೊಳ್ಳುವುದಕ್ಕೆ ಇರುವ ಏರ್ಪಾಡು, ದೋಷ ಅಲ್ಲ.

ಅಮೆರಿಕನ್, ಯುರೋಪಿಯನ್ ಲಾಬ್‌ಸ್ಟರಿನಂಥ ಇಕ್ಕಳ ಇರುವ ಜಾತಿಯಾಗಿದ್ದು ಇಕ್ಕಳ ಕಾಣದಿದ್ದರೆ ಮಾತ್ರ "ಇಕ್ಕಳ ಬಿದ್ದುಹೋಗಿದೆ" ಅನ್ನುವ ಭಾಗಕ್ಕೆ ಹೋಗಿ.

ಲಕ್ಷಣ: ಒಂದು ದಪ್ಪ, ಒಂದು ಸಣ್ಣ

ಹೆಚ್ಚಿನ ಸಲ ಇದೇ ಸರಿಯಾದ ಸ್ಥಿತಿ. ದಪ್ಪನೆಯದು ಜಜ್ಜುವ ಇಕ್ಕಳ. ಅದರ ಹಲ್ಲು ನಮ್ಮ ದವಡೆಹಲ್ಲಿನ ಹಾಗೆ ಗುಂಡು ಗುಂಡಾಗಿ ಮೊಂಡಾಗಿರುತ್ತದೆ. ಸಪೂರದ್ದು ಕತ್ತರಿಸುವ ಇಕ್ಕಳ. ಚೂಪಾದ ಸಣ್ಣ ಹಲ್ಲಿನ ಸಾಲು, ನಡುವೆ ಬಿರುಗೂದಲು. ಒಳಗಿನ ಸ್ನಾಯುವೂ ಬೇರೆ ಬೇರೆ. ಜಜ್ಜುವ ಇಕ್ಕಳ ಮುಚ್ಚುವ ಸ್ನಾಯುವಿನಲ್ಲಿ ಎಲ್ಲವೂ ನಿಧಾನ ಎಳೆಗಳು, ನಿಧಾನವಾಗಿ ಬಿಗಿದು ಜಾಸ್ತಿ ಹೊತ್ತು ಹಿಡಿದಿಡುತ್ತವೆ. ಕತ್ತರಿಸುವ ಇಕ್ಕಳದಲ್ಲಿ ಬಹುಪಾಲು ವೇಗದ ಎಳೆಗಳು. ಮೀನು ಹಾದುಹೋಗುವಾಗ ಫಟ್ ಅಂತ ಹಿಡಿಯುವುದು ಅದು.

ಬಲಗಡೆ ದಪ್ಪವೋ ಎಡಗಡೆ ದಪ್ಪವೋ ಅನ್ನುವುದಕ್ಕೆ ನಿಯಮ ಇಲ್ಲ. ಹೆಚ್ಚುಕಡಿಮೆ ಅರ್ಧಕ್ಕರ್ಧ. ಗಂಡು ಪ್ರಾಯಕ್ಕೆ ಬಂದ ಮೇಲೆ ಇಕ್ಕಳ ಹೆಣ್ಣಿಗಿಂತ ದೊಡ್ಡದಾಗುತ್ತದೆ.

ಹಾಗಾದರೆ ದೋಷ ಅಂತ ಯಾವಾಗ ಅಂದುಕೊಳ್ಳಬೇಕು? ಹಲ್ಲು ನೋಡಿ, ಗಾತ್ರ ನೋಡಬೇಡಿ. ಸಣ್ಣದರ ಹಲ್ಲು ಚೂಪಾಗಿದ್ದು ಇಕ್ಕಳ ಉದ್ದಕ್ಕೆ ಚೆನ್ನಾಗಿದ್ದರೆ ಎಲ್ಲ ಸರಿ. ಸಣ್ಣದು ತೀರಾ ಕುಳ್ಳಾಗಿ, ಬಣ್ಣ ತಿಳಿಯಾಗಿ, ಆಟದ ಸಾಮಾನಿನ ಹಾಗೆ ಕಂಡರೆ ಅದು ಬಿದ್ದ ಮೇಲೆ ಮತ್ತೆ ಹುಟ್ಟಿದ್ದು. ಆಗಲೂ ಮಾಡಬೇಕಾದ್ದು ಏನೂ ಇಲ್ಲ.

ಲಕ್ಷಣ: ಎರಡೂ ಒಂದೇ ತರ ಇವೆ

ಸಿಹಿನೀರಿನಲ್ಲಿ ಬದುಕುವ ಅದರ ನೆಂಟ ಕ್ರೇಫಿಶ್ ಆಗಿದ್ದರೆ ಚಿಂತೆ ಬಿಡಿ. ಅದರ ಎರಡು ಇಕ್ಕಳ ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಮರಿ ಲಾಬ್‌ಸ್ಟರ್ ಆಗಿದ್ದರೂ ಚಿಂತೆ ಬೇಡ, ಇನ್ನೂ ಬೇರೆಯಾಗುವ ವಯಸ್ಸು ಬಂದಿಲ್ಲ.

ಬೆಳೆದ ಲಾಬ್‌ಸ್ಟರಿನಲ್ಲಿ ಎರಡೂ ಸಪೂರ, ಎರಡೂ ಚೂಪು ಹಲ್ಲಿನವು ಆಗಿದ್ದರೆ ಅದು ನಿಜವಾದ ಬೆಳವಣಿಗೆಯ ದೋಷ. ಇದರ ಕಾರಣ ಎಷ್ಟು ಚೆನ್ನಾಗಿ ಗೊತ್ತಾಗಿದೆ ಅಂದರೆ, ಅದನ್ನು ಸ್ವಲ್ಪ ನಿಂತು ಹೇಳಲೇಬೇಕು.

ಮೊಟ್ಟೆಯಿಂದ ಬಂದ ಮರಿ ಮೂರು ಹಂತ ನೀರಿನಲ್ಲಿ ತೇಲಾಡುತ್ತದೆ (ಒಂದು ಪೊರೆಯಿಂದ ಇನ್ನೊಂದು ಪೊರೆಯವರೆಗೆ ಒಂದು ಹಂತ). ನಾಲ್ಕನೇ ಹಂತದಲ್ಲಿ ಅದು ದೊಡ್ಡ ಲಾಬ್‌ಸ್ಟರಿನ ಪುಟ್ಟ ನಕಲಿನ ಹಾಗೆ ಕಾಣುತ್ತದೆ, ತಳಕ್ಕೆ ಇಳಿಯುತ್ತದೆ. ಉದ್ದ ಸುಮಾರು ಒಂದೂವರೆ ಸೆಂಟಿಮೀಟರ್. ಆಗ ಎರಡೂ ಇಕ್ಕಳ ಒಂದೇ ಅಚ್ಚು. ಯಾವುದು ಜಜ್ಜುವುದು ಅಂತ ತೀರ್ಮಾನ ಆಗುವುದು ನಾಲ್ಕನೇ ಮತ್ತು ಐದನೇ ಹಂತದಲ್ಲಿ. ಆರನೇ ಹಂತದಿಂದ ಮುಂದೆ ಆ ತೀರ್ಮಾನ ನಿಧಾನವಾಗಿ ಕಣ್ಣಿಗೆ ಕಾಣತೊಡಗುತ್ತದೆ.

ಜೀವವಿಜ್ಞಾನಿ ವಿಕ್ಟರ್ ಎಮ್ಮೆಲ್ 1908ರಲ್ಲೇ ತೋರಿಸಿದ್ದ: ನಾಲ್ಕನೇ ಹಂತದಲ್ಲಿ ಒಂದು ಇಕ್ಕಳ ತೆಗೆದರೆ ಉಳಿದದ್ದು ಜಜ್ಜುವ ಇಕ್ಕಳ ಆಗುತ್ತದೆ. ಆಮೇಲೆ ಸಿ. ಕೆ. ಗೋವಿಂದ್ ಮತ್ತು ಅವರ ಜೊತೆಯವರು ಇನ್ನೊಂದು ಸಂಗತಿ ಕಂಡರು. ಹಿಡಿಯುವುದಕ್ಕೆ ಏನೂ ಇಲ್ಲದ ನುಣುಪು ತಳದ ತೊಟ್ಟಿಯಲ್ಲಿ ಬೆಳೆದ ಮರಿಗಳಿಗೆ ಎರಡೂ ಕತ್ತರಿಸುವ ಇಕ್ಕಳವೇ ಬಂದವು. ಅದೇ ತೊಟ್ಟಿಗೆ ಸಿಂಪಿ ಚಿಪ್ಪಿನ ಚೂರು ಹಾಕಿದರೆ ಒಂದು ಜಜ್ಜುವ ಇಕ್ಕಳ ಆಯಿತು. 1986ರಲ್ಲಿ ಗೋವಿಂದ್ ಮತ್ತು ಪಿಯರ್ಸ್ ಒಂದೇ ಇಕ್ಕಳಕ್ಕೆ ಕುಂಚ ತಾಗಿಸಿ ಮತ್ತೆ ಮತ್ತೆ ಕೆಲಸ ಕೊಟ್ಟರು. ಕೆಲಸ ಮಾಡಿದ ಇಕ್ಕಳವೇ ಜಜ್ಜುವ ಇಕ್ಕಳ ಆಯಿತು. ಎರಡಕ್ಕೂ ಒಂದೇ ಸಮ ಕೆಲಸ ಕೊಟ್ಟಾಗ? ಎರಡೂ ಕತ್ತರಿಸುವವೇ ಆದವು. ಅಂದರೆ ಕೆಲಸ ಎಷ್ಟು ಅನ್ನುವುದು ಲೆಕ್ಕ ಅಲ್ಲ. ಎರಡು ಕಡೆಯ ನಡುವೆ ವ್ಯತ್ಯಾಸ ಎಷ್ಟು ಅನ್ನುವುದು ಲೆಕ್ಕ. ಯಾವ ಕಡೆಯಿಂದ ನರಗಳಿಗೆ ಜಾಸ್ತಿ ಸುದ್ದಿ ಹೋಗುತ್ತದೋ ಆ ಕಡೆ ಗೆಲ್ಲುತ್ತದೆ.

ನಾನು ಸಾಕಿದ ಒಂದಕ್ಕೆ ಹೀಗೇ ಎರಡೂ ಸಪೂರ ಇಕ್ಕಳ ಇತ್ತು. ಶುಚಿ ಇರಲಿ ಅಂತ ಮರಿಗಳನ್ನು ಬರಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಳೆಸಿದ್ದರು. ಏಳು ತಿಂಗಳಾದ ಮೇಲೆ ನನ್ನ ಕೈಗೆ ಬಂತು. ಕಲ್ಲು, ಚಿಪ್ಪು ಎಲ್ಲ ಹಾಕಿ ನೋಡಿದೆ. ಪೊರೆ ಮೇಲೆ ಪೊರೆ ಬಿಟ್ಟಿತು, ಎರಡೂ ಹಾಗೇ ಸಪೂರವಾಗಿಯೇ ಉಳಿದವು. ಆ ಹೊತ್ತು ದಾಟಿಹೋಗಿತ್ತು.

ಹಾಗಾಗಿ ದೊಡ್ಡದರಲ್ಲಿ ಇದನ್ನು ಸರಿಮಾಡುವ ದಾರಿ ಇಲ್ಲ. ಬೇಕಾಗಿಯೂ ಇಲ್ಲ, ಅದು ಚೆನ್ನಾಗಿಯೇ ಬದುಕುತ್ತದೆ. ಗಟ್ಟಿ ಚಿಪ್ಪಿನ ಆಹಾರ ಒಡೆಯಲು ಕಷ್ಟ ಪಡಬಹುದು. ನೀವೇ ಒಡೆದು ಕೊಡಿ. ಮರಿ ಬೆಳೆಸುವವರು ಮಾತ್ರ ನಾಲ್ಕನೇ ಹಂತ ಬರುವ ಮುಂಚೆಯೇ ತಳಕ್ಕೆ ಚಿಪ್ಪಿನ ಚೂರು ಹಾಕಿರಬೇಕು. ಖರ್ಚು ಏನೂ ಇಲ್ಲದ ಕೆಲಸ, ಆದರೆ ತಡವಾದರೆ ಪ್ರಯೋಜನ ಇಲ್ಲ.

ಎರಡೂ ಜಜ್ಜುವ ಇಕ್ಕಳ ಆಗಿರುವುದು ತೀರಾ ಅಪರೂಪ. ಕಂಡರೆ ಫೋಟೋ ತೆಗೆದು ಹತ್ತಿರದ ಸಾಗರಜೀವಿ ಸಂಶೋಧಕರಿಗೆ ತೋರಿಸಿ.

ಲಕ್ಷಣ: ಇಕ್ಕಳ ಬಿದ್ದುಹೋಗಿದೆ

ಮೊದಲು ಬಿದ್ದ ಇಕ್ಕಳ ಹುಡುಕಿ. ಆಮೇಲೆ ಉಳಿದ ಮೋಟು ನೋಡಿ.

ಮೋಟು ಬುಡದ ಹತ್ತಿರ, ನೀಟಾಗಿ ಕತ್ತರಿಸಿದ ಹಾಗಿದ್ದು ಮೇಲೆ ತೆಳು ಪದರ ಮುಚ್ಚಿದ್ದರೆ ಅದು ತಾನೇ ಕಳಚಿಕೊಂಡದ್ದು. ಆಗ ಹೇಳಿದ ಬೆಸುಗೆಯ ಗೆರೆ ಇದೇ. ಅಪಾಯ ಬಂದಾಗ ಸ್ನಾಯು ಬಿಗಿದು ಆ ಗೆರೆಯಲ್ಲಿ ಮುರಿಯುತ್ತದೆ. ಒಳಗಿನ ಪರದೆ ತಕ್ಷಣ ತೂತು ಮುಚ್ಚುವುದರಿಂದ ರಕ್ತ ಹೆಚ್ಚು ಹೋಗುವುದಿಲ್ಲ. ಇದು ಗಾಯಕ್ಕಿಂತ ಪ್ರಾಣ ಉಳಿಸಿಕೊಳ್ಳುವ ಉಪಾಯ.

ಯಾಕೆ ಕಳಚಿತು ಅಂತ ಹುಡುಕುವುದು ಈ ಕ್ರಮದಲ್ಲಿ ಸುಲಭ. ಒಂದೇ ತೊಟ್ಟಿಯಲ್ಲಿ ಇನ್ನೊಂದು ಲಾಬ್‌ಸ್ಟರ್ ಇದೆಯಾ? ಹೆಚ್ಚಿನ ಸಲ ಉತ್ತರ ಇಲ್ಲೇ ಸಿಗುತ್ತದೆ. ಬೇರೆ ಮಾಡಿ. ಯಾರಾದರೂ ಇಕ್ಕಳ ಹಿಡಿದು ಎತ್ತಿದರಾ? ಕಲ್ಲಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿತ್ತಾ? ಎರಡು ದಿನದೊಳಗೆ ಪೊರೆ ಬಿಟ್ಟಿದೆಯಾ? ಇವು ಯಾವುದೂ ಅಲ್ಲದೆ ಒಂದಾದ ಮೇಲೆ ಒಂದು ಕಾಲು ಉದುರುತ್ತಿದ್ದರೆ ನೀರು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಮೀನಿನ ಔಷಧಿ ಹಾಕಿದ್ದರೆ ಅದರಲ್ಲಿ ತಾಮ್ರ ಇದೆಯಾ ಅಂತ ಓದಿ. ಮೀನಿಗೆ ತಡೆಯುವ ತಾಮ್ರ ಲಾಬ್‌ಸ್ಟರಿಗೆ ವಿಷ.

ಹೊಸ ಇಕ್ಕಳ ಹುಟ್ಟುವುದನ್ನು ನೋಡುವುದು ಒಂದು ಸುಖ. ಕೆಲವು ವಾರದಲ್ಲಿ ಮೋಟಿನ ನಡುವಿನಿಂದ ಸಣ್ಣ ಗುಬುಟು ಏಳುತ್ತದೆ. ಅದು ಉದ್ದವಾಗಿ, ತೆಳು ಚೀಲದೊಳಗೆ ಮಡಿಚಿಟ್ಟ ಪುಟ್ಟ ಇಕ್ಕಳ ಆಗುತ್ತದೆ. ಟಾರ್ಚ್ ಹಿಡಿದರೆ ಒಳಗೆ ಬೆರಳೆರಡರ ನಡುವಿನ ಸೀಳು ಕಾಣುತ್ತದೆ, ಎಳೇ ಅವರೆಕಾಯಿಯೊಳಗಿನ ಕಾಳಿನ ಹಾಗೆ. ಆ ಮೊಗ್ಗು ಬಿಚ್ಚಿಕೊಳ್ಳುವುದು ಮುಂದಿನ ಪೊರೆಯಲ್ಲಿ. ಮೊದಲ ಸಲ ಸಣ್ಣದಾಗಿಯೇ ಇರುತ್ತದೆ. ಜೊತೆಯದ್ದರ ಸಮಕ್ಕೆ ಬರಲು ಎರಡು ಮೂರು ಪೊರೆಯಾದರೂ ಬೇಕು.

ಇಲ್ಲಿ ವಯಸ್ಸು ಮುಖ್ಯ. ಅಮೆರಿಕನ್ ಲಾಬ್‌ಸ್ಟರ್ ಮೊದಲ ವರ್ಷದಲ್ಲಿ ಸುಮಾರು 10 ಸಲ ಪೊರೆ ಬಿಡುತ್ತದೆ. ಬೆಳೆದ ಗಂಡು ವರ್ಷಕ್ಕೊಂದು ಸಲ, ಬೆಳೆದ ಹೆಣ್ಣು ಎರಡು ವರ್ಷಕ್ಕೊಂದು ಸಲ. ಮರಿಗೆ ಕೆಲವೇ ತಿಂಗಳಲ್ಲಿ ಆಗುವುದು ದೊಡ್ಡದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಇನ್ನೊಂದು: ಪೊರೆ ಬಿಡುವ ಹೊತ್ತು ತೀರಾ ಹತ್ತಿರ ಇದ್ದಾಗ ಇಕ್ಕಳ ಬಿದ್ದರೆ ಆ ಸಲಕ್ಕೆ ಮೊಗ್ಗು ತಯಾರಾಗುವುದಿಲ್ಲ. ಅದರ ಮುಂದಿನ ಪೊರೆವರೆಗೆ ಕಾಯಬೇಕು. "ಪೊರೆ ಬಿಟ್ಟರೂ ಇಕ್ಕಳ ಬರಲಿಲ್ಲ" ಅನ್ನುವವರಿಗೆ ಉತ್ತರ ಹೆಚ್ಚಾಗಿ ಇದೇ.

ಬೆಳೆದ ಲಾಬ್‌ಸ್ಟರಿನಲ್ಲಿ ಜಜ್ಜುವುದು ಬಿದ್ದ ಕಡೆ ಜಜ್ಜುವುದೇ ಬರುತ್ತದೆ. ಇಕ್ಕಳ ಸಿಡಿಸಿ ಸದ್ದು ಮಾಡುವ ಪಿಸ್ತೂಲ್ ಸೀಗಡಿಯಲ್ಲಿ ಹಾಗಲ್ಲ. ಅದರ ದೊಡ್ಡ ಇಕ್ಕಳ ಬಿದ್ದರೆ ಇನ್ನೊಂದು ಕಡೆಯ ಸಣ್ಣದು ಬೆಳೆದು ದೊಡ್ಡದಾಗುತ್ತದೆ, ಬಿದ್ದ ಜಾಗದಲ್ಲಿ ಸಣ್ಣದು ಹುಟ್ಟುತ್ತದೆ. ಪಿಸ್ತೂಲ್ ಸೀಗಡಿ ಸಾಕುವವರು ಎಡಬಲ ಅದಲುಬದಲಾಗಿದ್ದು ಕಂಡು ಹೆದರಬೇಕಿಲ್ಲ.

ಲಕ್ಷಣ: ಇಕ್ಕಳದಿಂದ ರಕ್ತ ಸೋರುತ್ತಿದೆ

ಲಾಬ್‌ಸ್ಟರಿನ ರಕ್ತ ಕೆಂಪಲ್ಲ. ನೀರಿನ ಹಾಗೆ ತಿಳಿ, ಇಲ್ಲವೇ ನಸುನೀಲಿ. ಗಾಳಿಗೆ ಸಿಕ್ಕಿ ಗಟ್ಟಿಯಾದರೆ ಬೂದುಬಣ್ಣದ ಲೋಳೆಯ ಹಾಗೆ ಕಾಣುತ್ತದೆ. ಗಾಯದ ಮೇಲೆ ಲೋಳೆ ಅಂಟಿದ್ದರೆ "ಕೀವು" ಅಂತ ಒರೆಸಿ ತೆಗೆಯಬೇಡಿ. ಅದೇ ಅದರ ಬ್ಯಾಂಡೇಜು.

ಬೆಸುಗೆಯ ಗೆರೆಯಲ್ಲಿ ಮುರಿದಿದ್ದರೆ ಸೋರುವುದು ಬೇಗ ನಿಲ್ಲುತ್ತದೆ. ಕಷ್ಟ ಇರುವುದು ಅಂಗೈ ಚಿಪ್ಪು ಸೀಳಿದಾಗ, ಅಥವಾ ಮಣಿಕಟ್ಟಿನ ಕೀಲು ಹರಿದಾಗ. ಅಲ್ಲಿ ಮುಚ್ಚುವ ಪರದೆ ಇಲ್ಲ. ತಣ್ಣನೆಯ ಶುದ್ಧ ಉಪ್ಪುನೀರಿನ ಬೇರೆ ತೊಟ್ಟಿಗೆ ಹಾಕಿ, ಬೆಳಕು ಕಡಿಮೆ ಮಾಡಿ, ಮುಟ್ಟದೆ ಬಿಡಿ. ಎಷ್ಟೋ ಸಲ ಅದು ತಾನೇ ಆ ಇಕ್ಕಳ ಕಳಚಿಬಿಡುತ್ತದೆ.

ಗಂಟೆ ಕಳೆದರೂ ರಕ್ತ ಹೆಪ್ಪುಗಟ್ಟದಿದ್ದರೆ, ಪ್ರಾಣಿ ಬಾಲ ಇಳಿಬಿಟ್ಟು ಸೋತು ಮಲಗಿದ್ದರೆ ಅಲ್ಲಿಗೆ ನಿಲ್ಲಿಸಿ, ಜಲಚರ ನೋಡುವ ಪಶುವೈದ್ಯರನ್ನು ಕೇಳಿ. ಗ್ಯಾಫ್‌ಕೀಮಿಯಾ ಅಂತ ಒಂದು ಬ್ಯಾಕ್ಟೀರಿಯಾ ರೋಗ ಇದೆ. ಗಾಯದ ಮೂಲಕವೇ ಒಳಗೆ ಹೋಗುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿಸುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ತೊಟ್ಟಿಯಲ್ಲಿ ಹರಡುತ್ತದೆ. ಹಿಂದೆ ಮೀನುಗಾರರು ಇಕ್ಕಳ ಆಡದಿರಲಿ ಅಂತ ಕೀಲಿಗೆ ಮರದ ಬೆಣೆ ಹೊಡೆಯುತ್ತಿದ್ದರು. ಆ ತೂತು ರೋಗಕ್ಕೆ ಬಾಗಿಲಾಗುತ್ತಿತ್ತು. ರಬ್ಬರ್ ಬ್ಯಾಂಡ್ ಬಂದ ಮೇಲೆ ಆ ಕಾಟ ತಪ್ಪಿತು.

ಲಕ್ಷಣ: ಇಕ್ಕಳ ಇದೆ, ಹಿಡಿತ ಇಲ್ಲ

ಒಂದೇ ಇಕ್ಕಳವೋ ಎರಡೂವೋ ಅಂತ ನೋಡಿ. ದಾರಿ ಇಲ್ಲೇ ಕವಲೊಡೆಯುತ್ತದೆ.

ಎರಡೂ ಜೋತುಬಿದ್ದಿದ್ದರೆ ತೊಂದರೆ ಇಕ್ಕಳದ್ದಲ್ಲ, ಇಡೀ ಮೈಯದ್ದು ಅಥವಾ ನೀರಿನದ್ದು. ಮೊದಲು ಥರ್ಮಾಮೀಟರ್ ನೋಡಿ. ಅಮೆರಿಕನ್ ಲಾಬ್‌ಸ್ಟರ್ ತಣ್ಣೀರಿನ ಜೀವಿ. 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಸಂಕಟ. ತೀರಾ ತಣ್ಣಗಾದರೆ ನಿಧಾನವಾಗುತ್ತದೆ, ಅದು ದೋಷ ಅಲ್ಲ. ಆಮೇಲೆ ಗಾಳಿಯ ಪಂಪು, ಅಮೋನಿಯಾ, ಉಪ್ಪಿನಂಶ. ಇವೆಲ್ಲ ಸರಿ ಇದ್ದರೆ ಪೊರೆ ಹತ್ತಿರ ಇದೆಯಾ ಅಂತ ನೋಡಿ. ಊಟ ಬಿಟ್ಟಿರುತ್ತದೆ, ಚಿಪ್ಪಿನ ಬಣ್ಣ ಮಂಕಾಗಿರುತ್ತದೆ, ಬೆನ್ನಿನ ನಡುಗೆರೆ ಎದ್ದು ಕಾಣುತ್ತದೆ. ಆಗ ಇಕ್ಕಳದ ಸ್ನಾಯು ಕುಗ್ಗುವುದು ಸಹಜ. ಪೊರೆ ಬಿಟ್ಟ ಮೇಲೂ ಚಿಪ್ಪು ಗಟ್ಟಿಯಾಗುವವರೆಗೆ ಹಿಡಿತ ಇರುವುದಿಲ್ಲ. ಹೊಸ ಇಕ್ಕಳ ಒದ್ದೆ ತೊಗಲಿನ ಹಾಗೆ ಬಾಗುತ್ತದೆ. ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು.

ಒಂದೇ ಇಕ್ಕಳ ಆಡದಿದ್ದರೆ ಆ ಇಕ್ಕಳದಲ್ಲೇ ಏನೋ ಇದೆ. ಹಳೇ ರಬ್ಬರ್ ಬ್ಯಾಂಡ್ ಇದ್ದರೆ ಅದೇ ಕಾರಣ ಇರಬಹುದು, ಕೆಲಸ ಇಲ್ಲದ ಸ್ನಾಯು ಸೊರಗುತ್ತದೆ. ಬ್ಯಾಂಡ್ ತೆಗೆಯುವುದಾದರೆ ಅದು ಒಂದೇ ಇರುವ ತೊಟ್ಟಿಯಲ್ಲಿ ಮಾತ್ರ ತೆಗೆಯಿರಿ. ಬ್ಯಾಂಡ್ ಇಲ್ಲದಿದ್ದರೆ ಆಡುವ ಬೆರಳಿನ ಕೀಲು ನೋಡಿ. ಕಲ್ಲಿನ ಚೂರು ಸಿಕ್ಕಿದೆಯಾ? ಕೀಲಿನ ತೆಳು ಪರದೆ ಹರಿದಿದೆಯಾ? ಬೆರಳು ಸುಮ್ನೆ ತೂಗಾಡುತ್ತಿದ್ದರೆ ಸ್ನಾಯು ಎಳೆಯುವ ಪಟ್ಟಿ ಒಳಗೆ ಕಿತ್ತುಬಂದಿರಬಹುದು. ಅದನ್ನು ಹೊರಗಿನಿಂದ ಕೂರಿಸಲು ಆಗುವುದಿಲ್ಲ. ಬೆರಳನ್ನು ತಿರುಗಿಸಿ, ಎಳೆದು ನೋಡುವುದು ಬೇಡ.

ಲಕ್ಷಣ: ಪೊರೆ ಬಿಡುವಾಗ ಇಕ್ಕಳ ಸಿಕ್ಕಿಕೊಂಡಿದೆ

ಅಷ್ಟು ದಪ್ಪನೆಯ ಇಕ್ಕಳವನ್ನು ಲಾಬ್‌ಸ್ಟರ್ ಸಪೂರ ಬುಡದ ಕೀಲುಗಳ ಮೂಲಕ ಎಳೆದು ತೆಗೆಯಬೇಕು. ಅದಕ್ಕೇ ಸ್ನಾಯು ಕುಗ್ಗುವುದು. ಬುಡದ ತುಂಡುಗಳಲ್ಲಿ ಕೆಲವು ಜಾಗದ ಸುಣ್ಣವನ್ನೂ ಮೈ ಹೀರಿಕೊಂಡು ಮೆತ್ತಗೆ ಮಾಡಿಟ್ಟಿರುತ್ತದೆ. ಬಿಟ್ಟ ಚಿಪ್ಪು ಹಿಡಿದು ನೋಡಿದರೆ ಆ ಜಾಗ ಬೆರಳಿಗೆ ಗೊತ್ತಾಗುತ್ತದೆ.

ಪೊರೆ ಬಿಡುವಾಗ ಲಾಬ್‌ಸ್ಟರ್ ಪಕ್ಕಕ್ಕೆ ಉರುಳಿ ಮಲಗುತ್ತದೆ. ಸತ್ತಿದೆ ಅಂತ ಎತ್ತಬೇಡಿ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೊರಗೆ ಬರುತ್ತದೆ. ಅದು ಮೀರಿದರೂ ಎಳೆಯಬೇಡಿ. ಎಳೆದರೆ ಹೊಸ ಚಿಪ್ಪು ಹರಿಯುತ್ತದೆ. ನೀವು ಮಾಡಬಹುದಾದ್ದು ಗಾಳಿ ಹೆಚ್ಚಿಸುವುದು, ಬೇರೆ ಪ್ರಾಣಿಗಳನ್ನು ದೂರ ಇಡುವುದು, ಬೆಳಕು ಆರಿಸುವುದು. ಬಿಡಿಸಿಕೊಳ್ಳಲು ಆಗದಿದ್ದರೆ ಅದು ಆ ಇಕ್ಕಳವನ್ನೇ ಬಿಟ್ಟುಬಿಡಬಹುದು. ಇಕ್ಕಳ ಹೋಗಿ ಜೀವ ಉಳಿದರೆ ಅದು ಒಳ್ಳೆಯ ವ್ಯಾಪಾರ.

ಮರಿಗಳಲ್ಲಿ ಒಂದಾದ ಮೇಲೆ ಒಂದು ಹೀಗೇ ಸಿಕ್ಕಿ ಸಾಯುತ್ತಿದ್ದರೆ ಊಟದ ಕಡೆ ನೋಡಿ. ತಯಾರಿಸಿದ ಆಹಾರ ಮಾತ್ರ ತಿಂದು ಬೆಳೆದ ಮರಿಗಳಲ್ಲಿ ಇದು ಕಾಣಿಸುತ್ತದೆ. ಸೋಯಾ ಲೆಸಿಥಿನ್ (ಸೋಯಾದಿಂದ ತೆಗೆದ ಕೊಬ್ಬಿನಂಥ ಪದಾರ್ಥ) ಸೇರಿಸಿದ ಆಹಾರ ಕೊಟ್ಟಾಗ ಸಾವು ಕಡಿಮೆಯಾಗಿದ್ದು 1980ರ ಆಸುಪಾಸಿನ ಪ್ರಯೋಗಗಳಲ್ಲೇ ಗೊತ್ತಾಯಿತು. ಬಿಟ್ಟ ಚಿಪ್ಪನ್ನು ತೊಟ್ಟಿಯಿಂದ ತಕ್ಷಣ ತೆಗೆಯಬೇಡಿ, ಅದನ್ನು ತಿಂದು ಸುಣ್ಣ ವಾಪಸ್ ಪಡೆಯುತ್ತದೆ.

ಲಕ್ಷಣ: ಬೆರಳು ಸೊಟ್ಟ, ಅಥವಾ ಬೆರಳು ಜಾಸ್ತಿ

ಸೊಟ್ಟ ಬೆರಳು ಬೇರೆ, ಹೆಚ್ಚಿನ ಬೆರಳು ಬೇರೆ. ಎರಡನ್ನೂ ಒಂದೇ ಅಂದುಕೊಳ್ಳುವುದೇ ದೊಡ್ಡ ತಪ್ಪು.

ಚಿಪ್ಪು ಮೆತ್ತಗಿದ್ದಾಗ ಇಕ್ಕಳ ಕಲ್ಲಿಗೆ ಒತ್ತಿಕೊಂಡಿದ್ದರೆ ಹಾಗೇ ಗಟ್ಟಿಯಾಗುತ್ತದೆ. ಬೆರಳು ಓರೆ, ತುದಿಗಳು ಸೇರುವುದಿಲ್ಲ. ಆದರೆ ಬೆರಳು ಎರಡೇ. ಹಲ್ಲಿನ ಸಾಲು ಒಂದೇ. ಇದು ಸಾಮಾನ್ಯವಾಗಿ ಮುಂದಿನ ಪೊರೆಯಲ್ಲಿ ಕಡಿಮೆಯಾಗುತ್ತದೆ. ಅವಿತುಕೊಳ್ಳುವ ಗೂಡು ಸಣ್ಣದಾಗಿದ್ದರೆ ದೊಡ್ಡದು ಇಡಿ, ಅಷ್ಟೇ.

ಹೆಚ್ಚಿನ ಬೆರಳಿನ ಕಥೆ ಬೇರೆ. ಅಂಗೈಗೋ ಬೆರಳಿಗೋ ಪೆಟ್ಟು ಬಿದ್ದು, ಇಕ್ಕಳ ಪೂರ್ತಿ ಕಳಚದೆ ಅಲ್ಲೇ ವಾಸಿಯಾದಾಗ ಹೀಗಾಗುತ್ತದೆ. ಗಾಯದ ಎರಡು ದಂಡೆಗಳು ತಮ್ಮ ಜಾಗ ತಪ್ಪಿ ಒಂದಕ್ಕೊಂದು ಅಂಟುತ್ತವೆ. ಪಕ್ಕದಲ್ಲಿ ಇರಬೇಕಾದ ಜೀವಕೋಶ ಸಿಗದೆ, ನಡುವಿನದ್ದನ್ನು ತುಂಬಲು ಹೊಸ ಬೆರಳನ್ನೇ ಬೆಳೆಸುತ್ತವೆ. ಬ್ರಿಟಿಷ್ ಜೀವವಿಜ್ಞಾನಿ ವಿಲಿಯಂ ಬೇಟ್ಸನ್ ಇಂಥ ಎಷ್ಟೋ ಮಾದರಿಗಳನ್ನು ಕಲೆಹಾಕಿ 1894ರಲ್ಲಿ ಒಂದು ನಿಯಮ ಕಂಡುಕೊಂಡ. ಹೆಚ್ಚಿನ ಅಂಗ ಸಾಮಾನ್ಯವಾಗಿ ಜೋಡಿಯಾಗಿ ಬರುತ್ತದೆ. ಹತ್ತಿರದ್ದು ಮೂಲ ಅಂಗದ ಕನ್ನಡಿ ಬಿಂಬ. ಅದರಾಚೆಯದ್ದು ಹತ್ತಿರದ್ದರ ಕನ್ನಡಿ ಬಿಂಬ. ಎರಡೂ ಕೂಡಿಕೊಂಡು ಒಂದೇ ಮುದ್ದೆಯ ಹಾಗೆ ಕಾಣುವುದೂ ಉಂಟು.

ನೀವೇ ಪರೀಕ್ಷಿಸಬಹುದು, ಪ್ರಾಣಿಯನ್ನು ಮುಟ್ಟದೆ. ಬಿಟ್ಟ ಪೊರೆಯ ಇಕ್ಕಳ ಮಾತ್ರ ತೆಗೆದುಕೊಳ್ಳಿ, ಉಳಿದದ್ದು ಅದು ತಿನ್ನಲಿ. ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಕಿಟಕಿಯ ಬೆಳಕಿಗೆ ಹಿಡಿಯಿರಿ. ನನ್ನ ಬಳಿ ಇರುವ ಒಂದು ಚಿಪ್ಪಿನಲ್ಲಿ ಆಡುವ ಬೆರಳಿನ ಹೊರಮೈಯಿಂದ ಕವೆಯ ಹಾಗೆ ಎರಡು ಮೊನೆ ಎದ್ದಿವೆ. ಕವೆಯ ಒಳಮೈಯಲ್ಲಿ ಎರಡು ಹಲ್ಲಿನ ಸಾಲು, ಒಂದಕ್ಕೊಂದು ಎದುರುಬದುರು. ಬುಡದಲ್ಲಿ ಕೀಲು ಇಲ್ಲ, ಬೆರಳಿಗೆ ನೇರ ಬೆಸೆದಿದೆ. ಹಾಗಾಗಿ ಅದು ತಾನಾಗಿ ಆಡುವುದಿಲ್ಲ, ಮೂಲ ಬೆರಳು ಆಡಿದಾಗ ಜೊತೆಗೆ ಹೋಗುತ್ತದೆ ಅಷ್ಟೆ. ಹಲ್ಲಿನ ಸಾಲು ಹೆಚ್ಚಿದ್ದರೆ ನಿಜವಾದ ಹೆಚ್ಚುವರಿ ಬೆರಳು. ಹಲ್ಲಿಲ್ಲದ ಬರಿಯ ಗುಬುಟು ಆಗಿದ್ದರೆ ಗಾಯದ ಗುರುತು ಇರಬಹುದು.

ಹೆಚ್ಚುವರಿ ಬೆರಳು ಪೊರೆಯಿಂದ ಪೊರೆಗೆ ಉಳಿದುಕೊಳ್ಳುತ್ತದೆ, ಪ್ರಾಣಿಯ ಜೊತೆ ದೊಡ್ಡದೂ ಆಗುತ್ತದೆ. ಊಟಕ್ಕೆ ಅಡ್ಡಿ ಇಲ್ಲವಾದರೆ ಹಾಗೇ ಬಿಡಿ. ಕತ್ತರಿ ಹಾಕಬೇಡಿ. ಈ ದೋಷ ಹುಟ್ಟಿದ್ದೇ ಅರೆಬರೆ ಗಾಯದಿಂದ, ಅದೇ ಜಾಗಕ್ಕೆ ಇನ್ನೊಂದು ಗಾಯ ಯಾಕೆ? ಪೊರೆ ಬಿಡುವಾಗ ಪ್ರತಿ ಸಲ ಅದು ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ಪಶುವೈದ್ಯರ ಹತ್ತಿರ ಹೋಗಿ.

ಕಣ್ಣಿನ ಜಾಗದಲ್ಲಿ ಮೀಸೆಯಂಥದ್ದು ಬೆಳೆದಿದ್ದರೆ ಅದೂ ಇದೇ ಕುಟುಂಬದ ಸಂಗತಿ. ಕಣ್ಣಿನ ಕಾಂಡ ಬುಡಸಮೇತ, ಒಳಗಿನ ನರಗಂಟಿನ ಜೊತೆ ಕಿತ್ತುಹೋದರೆ ಸೀಗಡಿ ಜಾತಿಗಳಲ್ಲಿ ಕಣ್ಣಿನ ಬದಲು ಮೀಸೆ ಹುಟ್ಟಬಹುದು ಅಂತ ಜರ್ಮನ್ ಜೀವವಿಜ್ಞಾನಿ ಕರ್ಟ್ ಹರ್ಬ್ಸ್ಟ್ 1890ರ ದಶಕದಲ್ಲಿ ತೋರಿಸಿದ. ಇದಕ್ಕೂ ಮದ್ದಿಲ್ಲ, ನೋವೂ ಕಾಣುವುದಿಲ್ಲ.

ಲಕ್ಷಣ: ಇಕ್ಕಳದ ಮೇಲೆ ಕಪ್ಪು ಕಲೆ, ಗುಳಿ

ಕಂದು ಅಥವಾ ಕಪ್ಪು ಕಲೆ ಗಟ್ಟಿಯಾಗಿ ನುಣುಪಾಗಿದ್ದರೆ ಹಳೇ ಗೀರು ವಾಸಿಯಾದ ಗುರುತು. ಒರಟಾಗಿ, ಗುಳಿ ಬಿದ್ದು, ಅಂಚು ಪುಡಿಯಾಗುತ್ತಿದ್ದರೆ ಚಿಪ್ಪು ತಿನ್ನುವ ಬ್ಯಾಕ್ಟೀರಿಯಾ. ತಳದ ಕೊಳೆ ತೆಗೆಯಿರಿ, ನೀರು ಬದಲಿಸಿ, ಒಟ್ಟಿಗೆ ಇರುವ ಸಂಖ್ಯೆ ಕಡಿಮೆ ಮಾಡಿ. ಚಿಪ್ಪಿನ ಮೇಲ್ಪದರದಲ್ಲೇ ಇದ್ದರೆ ಪೊರೆ ಜೊತೆ ಹೋಗುತ್ತದೆ. ಗುಳಿಯ ತಳದಲ್ಲಿ ಮಾಂಸ ಕಂಡರೆ, ಅಥವಾ ವಾರದಲ್ಲೇ ಬೆನ್ನಿಗೂ ಹರಡಿದರೆ ಕಾಯಬೇಡಿ. 1990ರ ದಶಕದ ಕೊನೆಯಿಂದ ಅಮೆರಿಕದ ದಕ್ಷಿಣ ನ್ಯೂ ಇಂಗ್ಲೆಂಡ್ ಕರಾವಳಿಯಲ್ಲಿ ಇಂಥ ಚಿಪ್ಪು ರೋಗ ಜೋರಾಗಿ ಹರಡಿತು. ಮೊಟ್ಟೆ ಹೊತ್ತ ಹೆಣ್ಣುಗಳಿಗೆ ಹೆಚ್ಚು ತೊಂದರೆ ಆಯಿತು. ಮೊಟ್ಟೆ ಇರುವಾಗ ಅವು ಪೊರೆ ಬಿಡುವುದಿಲ್ಲ ಅಲ್ವಾ, ಹಾಗಾಗಿ ರೋಗದ ಚಿಪ್ಪನ್ನು ತಿಂಗಳುಗಟ್ಟಲೆ ಹೊತ್ತೇ ಇರಬೇಕು.

ಇಕ್ಕಳ ನಿಮ್ಮ ಬೆರಳನ್ನೇ ಹಿಡಿದರೆ

ಎಳೆಯಬೇಡಿ, ಝಾಡಿಸಬೇಡಿ. ಎಳೆದಷ್ಟೂ ಬಿಗಿಯುತ್ತದೆ, ಜಜ್ಜುವ ಇಕ್ಕಳದ ನಿಧಾನ ಎಳೆಗಳು ಸುಲಭಕ್ಕೆ ಸುಸ್ತಾಗುವುದಿಲ್ಲ. ಕೈಯನ್ನು ಅದರ ಸಮೇತ ನೀರಿಗೆ ಇಳಿಸಿ, ಅದರ ಕಾಲಿಗೆ ನೆಲ ಸಿಗಲಿ. ಓಡಿಹೋಗಲು ದಾರಿ ಕಂಡರೆ ಹೆಚ್ಚಾಗಿ ಬಿಟ್ಟುಬಿಡುತ್ತದೆ.

ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚಿಪ್ಪಿನ ಮುಳ್ಳು ಚುಚ್ಚಿದ ಸಣ್ಣ ಗಾಯವನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. ಸಮುದ್ರದ ನೀರಿನ ಕೆಲವು ಬ್ಯಾಕ್ಟೀರಿಯಾ ಬೇಗ ಕೆಟ್ಟದಾಗುತ್ತವೆ. ಕೆಲವು ಗಂಟೆಗಳಲ್ಲೇ ಕೈ ಊದಿ, ಕೆಂಪಾಗಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇರುವವರು ಲಕ್ಷಣ ಕಾಣುವವರೆಗೂ ಕಾಯದೆ ಹೋಗುವುದು ಒಳ್ಳೆಯದು. ವಾರಗಳಾದರೂ ಮಾಯದ ಗಂಟು ಬೆರಳಲ್ಲಿ ಉಳಿದರೆ ಡಾಕ್ಟರಿಗೆ ತೋರಿಸಿ, ಲಾಬ್‌ಸ್ಟರ್ ತೊಟ್ಟಿಯಲ್ಲಿ ಕೈ ಹಾಕಿದಾಗ ಆದದ್ದು ಅಂತ ಮೊದಲೇ ಹೇಳಿ. ಅದು ಗೊತ್ತಾದರೆ ಅವರು ಮಾಡಿಸುವ ಪರೀಕ್ಷೆಯೇ ಬೇರೆ.